ಮೋಟರ್‌ಹೋಮಿನ ಒಡೆದ ರೂಫ್‌ಲೈಟ್: ಸೋರದ ಹಾಗೆ ನೀವೇ ಬದಲಿಸುವುದು ಹೇಗೆ

ರಾತ್ರಿ ಮಳೆ ಹಿಡಿದಿತ್ತು. ಮೋಟರ್‌ಹೋಮಿನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿಯಲ್ಲಿ, ಮಲಗಿದ್ದ ನನ್ನ ಕೆನ್ನೆ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಎದ್ದು ಟಾರ್ಚ್ ಹಾಕಿ ನೋಡಿದೆ. ರೂಫ್‌ಲೈಟಿನ, ಅಂದರೆ ಸೂರಿನಲ್ಲಿ ಕೂರಿಸಿದ ತೆರೆಯುವ ಕಿಟಕಿಯ, ಮುಚ್ಚಳದಲ್ಲಿ ಹಿಂಜ್ ಪಕ್ಕದಿಂದ ಶುರುವಾಗಿ ಅರ್ಧದವರೆಗೂ ಕೂದಲೆಳೆಯಂಥ ಒಂದು ಸೀಳು ಕಾಣಿಸಿತು. ಆದರೆ ಹನಿ ಬೀಳುತ್ತಿದ್ದದ್ದು ಸೀಳಿನ ಕೆಳಗಿನಿಂದ ಅಲ್ಲ. ಅಲ್ಲಿಂದ ಒಂದು ಗೇಣು ಆಚೆ, ಒಳಗಿನ ಚೌಕಟ್ಟಿನ ಮೂಲೆಯಿಂದ.

ಆ ಒಂದು ಗೇಣಿನ ಅಂತರವೇ ನನಗೆ ಈ ಕೆಲಸ ಕಲಿಸಿದ್ದು. ಸೀಳು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬಯ್ಯುತ್ತಾರೆ. ಆದರೆ ಗಾಡಿಯ ಸೂರನ್ನು ಕೊಳೆಸುವುದು ಹೆಚ್ಚಾಗಿ ಫ್ರೇಮಿನ ಕೆಳಗಿರುವ, ಕಣ್ಣಿಗೆ ಕಾಣದ ಅಂಟು. ಅದು ಒಣಗಿ ಬಿರಿದರೆ ನೀರು ಸೂರಿನ ಪದರಗಳ ನಡುವೆ ಹರಿದು, ಎಲ್ಲೋ ದೂರದಲ್ಲಿ ಹನಿಯಾಗಿ ಇಳಿಯುತ್ತದೆ. ಆಮೇಲೆ ನಾನು ಮೂರು ರೂಫ್‌ಲೈಟ್ ಬದಲಿಸಿದ್ದೇನೆ. ಮೂರರಲ್ಲೂ ಹೊಸದನ್ನು ಕೂರಿಸಲು ಹಿಡಿದದ್ದು ಅರ್ಧ ಗಂಟೆ. ಹಳೆಯ ಅಂಟು ತೆಗೆದು ಜಾಗ ಚೊಕ್ಕ ಮಾಡಲು ಅರ್ಧ ದಿನ ಬೇಕಾಯಿತು. ಆ ಅರ್ಧ ದಿನವನ್ನು ಯಾರೂ ಉಳಿಸಲು ಹೋಗಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಚ್ಚಳ ಸಾಕಾ, ಇಡೀ ಫ್ರೇಮ್ ಬೇಕಾ?

ಮೊದಲು ಇದನ್ನು ತೀರ್ಮಾನ ಮಾಡಿ. ಹೆಚ್ಚಿನ ರೂಫ್‌ಲೈಟ್‌ಗಳಲ್ಲಿ ಮೇಲಿನ ಮುಚ್ಚಳ ಬೇರೆ, ಸೂರಿಗೆ ಅಂಟಿರುವ ಫ್ರೇಮ್ ಬೇರೆ. ಮುಚ್ಚಳ ಬಿಡಿಯಾಗಿ ಸಿಗುತ್ತದೆ. ಸೀಳು ಮುಚ್ಚಳದಲ್ಲಿ ಮಾತ್ರ ಇದ್ದು, ಫ್ರೇಮ್ ಗಟ್ಟಿಯಾಗಿದ್ದು, ಸುತ್ತ ತೇವ ಇಲ್ಲದಿದ್ದರೆ ಹಿಂಜಿನ ಸ್ಕ್ರೂ ಅಥವಾ ಪಿನ್ ಬಿಚ್ಚಿ ಮುಚ್ಚಳ ಬದಲಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಸೂರಿನ ತಂಟೆಗೇ ಹೋಗುವುದು ಬೇಡ.

ಫ್ರೇಮ್ ಹೇಗಿದೆ ಅಂತ ತಿಳಿಯಲು ಉಗುರಿನಿಂದ ಒತ್ತಿ ನೋಡಿ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಹಳದಿಯಾಗಿ, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಸ್ಕ್ರೂ ತೂತುಗಳ ಸುತ್ತ ನಕ್ಷತ್ರದ ಆಕಾರದ ಸಣ್ಣ ಬಿರುಕು ಇದ್ದರೂ ಅಷ್ಟೇ. ಹಿಂದೆ ಯಾರೋ ಸ್ಕ್ರೂವನ್ನು ಜಾಸ್ತಿ ಬಿಗಿದಿದ್ದಾರೆ ಅನ್ನುವುದರ ಗುರುತು ಅದು. ಇಂಥ ಫ್ರೇಮಿಗೆ ಹೊಸ ಮುಚ್ಚಳ ಹಾಕಿದರೆ ದಂಡ.

ಒಳಗಡೆ, ರೂಫ್‌ಲೈಟಿನ ಸುತ್ತ ಇರುವ ಮರವನ್ನೂ ಪರೀಕ್ಷಿಸಿ. ಸಿಕ್ಕರೆ ಪಿನ್ ಚುಚ್ಚಿ ತೇವ ಅಳೆಯುವ ಮೀಟರ್ ತನ್ನಿ. ಶೇ. 15ರ ಒಳಗಿದ್ದರೆ ನಿಶ್ಚಿಂತೆ. 20 ದಾಟಿದರೆ ಒಳಗೆ ನೀರು ಹೋಗುತ್ತಿದೆ ಅಂತಲೇ ಲೆಕ್ಕ. ಮೀಟರ್ ಇಲ್ಲದಿದ್ದರೆ ಹೆಬ್ಬೆಟ್ಟಿನಿಂದ ಒತ್ತಿ. ಮರ ಮೆತ್ತಗೆ ಕುಗ್ಗಿದರೆ ಉತ್ತರ ಸಿಕ್ಕಿದ ಹಾಗೆ.

ಹೊಸದು ಬರುವ ತನಕ ಮಳೆ ಕಾಯುವುದಿಲ್ಲ, ಅಲ್ವಾ? ಸೀಳಿನ ಸುತ್ತ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಸೀಳಿನಿಂದ ನಾಲ್ಕೂ ಕಡೆ ನಾಲ್ಕೈದು ಸೆಂ.ಮೀ. ಆಚೆ ಹೋಗುವಷ್ಟು ಅಗಲದ, ಮಳೆ ತಡೆಯುವ ಟೇಪ್ ಅಂಟಿಸಿ. ಸೀಳಿನ ತುದಿಯಲ್ಲಿ 3 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಒಂದು ತೂತು ಕೊರೆದು ಅದರ ಮೇಲೆ ಟೇಪ್ ಹಾಕಿದರೆ ಸೀಳು ಮುಂದೆ ಓಡುವುದಿಲ್ಲ. ಇದು ಹಾಗೇ ಬಿಡುವ ರಿಪೇರಿ ಅಲ್ಲ, ಕೆಲವು ದಿನ ದೂಡಲು ಮಾತ್ರ.

ಅಳತೆ ತೆಗೆದುಕೊಳ್ಳುವುದು

ಅಳೆಯಬೇಕಾದದ್ದು ಮುಚ್ಚಳವನ್ನಲ್ಲ, ಸೂರಿನಲ್ಲಿರುವ ತೂತನ್ನು. ಇಲ್ಲಿ ತಪ್ಪುವವರು ಬಹಳ. ಯುರೋಪಿನ ಗಾಡಿಗಳಲ್ಲಿ 400 × 400 ಮಿ.ಮೀ. ತೂತು ತುಂಬಾ ಸಾಮಾನ್ಯ. ಡೊಮೆಟಿಕ್ ಕಂಪನಿಯ ಮಿನಿ ಹೆಕಿ, ಫಿಯಾಮಾ ಕಂಪನಿಯ ವೆಂಟ್ 40 ಅನ್ನುವ ರೂಫ್‌ಲೈಟ್‌ಗಳು ಎರಡೂ ಈ ತೂತಿಗೇ ಬರುವಂಥವು. ಶೌಚದ ಕೋಣೆಯ ಮೇಲೆ 280 × 280 ಇರಬಹುದು, ಕೂರುವ ಜಾಗದ ಮೇಲೆ 700 × 500. ಅಮೆರಿಕದ ಗಾಡಿಯಾದರೆ 14 ಇಂಚಿನ ಚೌಕ, ಅಂದರೆ ಸುಮಾರು 355 ಮಿ.ಮೀ. ಒಳಗಿನ ಚೌಕಟ್ಟು ಬಿಚ್ಚಿ, ಟೇಪು ಹಿಡಿದು ಎರಡೂ ಕಡೆ ಅಳೆಯಿರಿ.

ಎರಡನೆಯ ಅಳತೆ ಸೂರಿನ ದಪ್ಪ. ಒಳಗಿನ ಚಾವಣಿಯಿಂದ ಹೊರಗಿನ ತಗಡಿನವರೆಗೆ ಎಷ್ಟು? ಒಂದೇ ಮಾದರಿಯ ರೂಫ್‌ಲೈಟ್ ಬೇರೆ ಬೇರೆ ದಪ್ಪಕ್ಕೆ ಬೇರೆ ಬೇರೆ ಒಳಚೌಕಟ್ಟು, ಬೇರೆ ಉದ್ದದ ಸ್ಕ್ರೂಗಳ ಜೊತೆ ಬರುತ್ತದೆ. ಸ್ಕ್ರೂ ಗಿಡ್ಡವಾದರೆ ಹಿಡಿತ ಸಿಗುವುದಿಲ್ಲ. ಉದ್ದವಾದರೆ ಒಳಗಿನಿಂದ ತಿರುಗಿಸಿದಾಗ ಮೇಲಿನ ಫ್ರೇಮನ್ನೇ ತೂರಿಕೊಂಡು ಹೊರಗೆ ಬರುತ್ತದೆ. ಹೊಸ ಫ್ರೇಮು ಗಾಡಿಗೆ ಏರುವ ಮೊದಲೇ ಹಾಳು.

ಮೂರನೆಯದು ಗಾಳಿ. ಹಳೆಯ ರೂಫ್‌ಲೈಟಿನಲ್ಲಿ ಮುಚ್ಚಿದಾಗಲೂ ಗಾಳಿಯಾಡುವ ಸಣ್ಣ ಕಿಂಡಿ ಇದ್ದರೆ ಹೊಸದರಲ್ಲೂ ಅದು ಇರಲೇಬೇಕು. ಗ್ಯಾಸ್ ಒಲೆ, ಹೀಟರ್ ಉರಿಯುವ ಸಣ್ಣ ಜಾಗದಲ್ಲಿ ಜನ ಮಲಗುತ್ತಾರೆ. ಅದಕ್ಕಾಗಿಯೇ ಈ ಗಾಡಿಗಳ ಗಾಳಿ ವ್ಯವಸ್ಥೆಗೆ ಯುರೋಪಿನಲ್ಲಿ ಇಎನ್ 721 ಅನ್ನುವ ಮಾನದಂಡವೇ ಇದೆ. ಕಿಂಡಿ ಇಲ್ಲದ ಮಾದರಿಗಳೂ ಸಿಗುತ್ತವೆ. ಚಳಿ ಬರುತ್ತದೆ ಅಂತ ಅದನ್ನು ಹಾಕಬೇಡಿ. ಇರುವ ಕಿಂಡಿಗೆ ಟೇಪ್ ಅಂಟಿಸಲೂ ಬೇಡಿ.

ಯಾವ ಅಂಟು?

ಫ್ರೇಮಿನ ಕೆಳಗೆ ಬರಬೇಕಾದದ್ದು ಬ್ಯೂಟೈಲ್ ಟೇಪ್. ಜೇಡಿಮಣ್ಣಿನ ಹಾಗೆ ಮೆತ್ತಗಿನ, ಸುರುಳಿಯಲ್ಲಿ ಬರುವ ಪಟ್ಟಿ ಅದು. 20ರಿಂದ 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದ್ದರೆ ಚೆನ್ನ. 400ರ ಫ್ರೇಮಿಗೆ ಒಂದು ಸುತ್ತಿಗೆ ಎರಡು ಮೀಟರ್ ಹತ್ತಿರ ಬೇಕು. ಐದು ಮೀಟರಿನ ಸುರುಳಿ ತಂದರೆ ಎರಡನೇ ಸುತ್ತಿಗೂ ಸಾಕಾಗುತ್ತದೆ.

ಬ್ಯೂಟೈಲ್ ಯಾಕೆ ಅಂದರೆ ಅದು ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ. ಗಾಡಿ ಓಡುವಾಗ ಸೂರು ತಿರುಚಿಕೊಳ್ಳುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಪ್ಲಾಸ್ಟಿಕ್ ಒಂದು ಅಳತೆಯಲ್ಲಿ, ತಗಡು ಇನ್ನೊಂದು ಅಳತೆಯಲ್ಲಿ. ನಡುವಿನ ಅಂಟು ಇಬ್ಬರ ಜೊತೆಗೂ ಬಗ್ಗಿ ನಡೆಯಬೇಕು. ಇನ್ನೊಂದು ಕಾರಣವೂ ಇದೆ. ಮುಂದೊಂದು ದಿನ ಈ ಫ್ರೇಮನ್ನೂ ಯಾರೋ ತೆಗೆಯಲೇಬೇಕು. ಗಟ್ಟಿಯಾಗಿ ಕಚ್ಚಿಕೊಳ್ಳುವ ಪಾಲಿಯುರೆಥೇನ್ ಅಂಟು ಹಾಕಿದರೆ ಆ ದಿನ ಸೂರಿನ ಪದರವೇ ಕಿತ್ತು ಬರಬಹುದು. ಎಷ್ಟೋ ಅಂಟುಗಳು ಅಕ್ರಿಲಿಕ್, ಎಬಿಎಸ್ ಪ್ಲಾಸ್ಟಿಕ್‌ಗೆ ಆಗಿಬರುವುದೂ ಇಲ್ಲ. ರೂಫ್‌ಲೈಟ್ ತಯಾರಿಸಿದವರ ಸೂಚನೆಯ ಹಾಳೆಯಲ್ಲಿ ಬೇರೆ ಅಂಟು ಹೇಳಿದ್ದರೆ ಅದನ್ನೇ ಪಾಲಿಸಿ.

ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ತಗಡಿನಿಂದ ಅದು ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಬಿಟ್ಟ ಮೇಲೂ ಕಣ್ಣಿಗೆ ಕಾಣದ ಜಿಡ್ಡಿನ ಪದರ ಉಳಿಸಿ ಹೋಗುತ್ತದೆ. ಅದರ ಮೇಲೆ ಮುಂದೆ ಯಾವ ಅಂಟೂ ಕೂರುವುದಿಲ್ಲ, ಹೊಸ ಸಿಲಿಕೋನ್ ಕೂಡ. ನನ್ನ ಗಾಡಿಯ ಹಿಂದಿನ ಮಾಲೀಕರು ಫ್ರೇಮಿನ ಸುತ್ತ ಮೂರು ಸಲ ಸಿಲಿಕೋನ್ ಬಳಿದಿದ್ದರು. ಪದರದ ಮೇಲೆ ಪದರ, ಒಂದೊಂದೂ ಒಂದೊಂದು ಬಣ್ಣ. ನೀರು ಆ ಮೂರರ ಅಡಿಯಲ್ಲೇ ನುಸುಳಿ ಹೋಗುತ್ತಿತ್ತು.

ಉಳಿದ ಸಾಮಾನು ಹೆಚ್ಚೇನಿಲ್ಲ: ಸ್ಕ್ರೂಡ್ರೈವರ್, ಪ್ಲಾಸ್ಟಿಕ್‌ನ ಕೆರೆಯುವ ಪಟ್ಟಿ ನಾಲ್ಕೈದು, ಮೀನು ಹಿಡಿಯುವ ಗಟ್ಟಿ ನೈಲಾನ್ ದಾರ, ಮಿನರಲ್ ಟರ್ಪೆಂಟೈನ್, ಹಳೇ ಬಟ್ಟೆ ರಾಶಿ, ಮಾಸ್ಕಿಂಗ್ ಟೇಪ್, ದೊಡ್ಡ ಪಾಲಿಥೀನ್ ಹಾಳೆ. ಆ ಹಾಳೆ ಮರೆಯಬೇಡಿ. ತೂತು ತೆರೆದಿರುವಾಗಲೇ ಮೋಡ ಕವಿಯುವುದು.

ಮೇಲೆ ಹತ್ತುವ ಮುನ್ನ

ಎಷ್ಟೋ ಗಾಡಿಗಳ ಸೂರು ಮನುಷ್ಯ ನಡೆಯಲು ಮಾಡಿದ್ದಲ್ಲ. ಮೇಲೆ ತೆಳು ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಥರ್ಮಾಕೋಲ್ ಥರದ ಫೋಮ್, ಕೆಳಗೆ ತೆಳು ಪ್ಲೈವುಡ್. ಅಷ್ಟೇ. ಮೊಣಕಾಲೂರಿದರೆ ಗುಳಿ ಬೀಳುತ್ತದೆ. ಆದಷ್ಟೂ ಏಣಿಯ ಮೇಲೆ, ಇಲ್ಲವೇ ಪಕ್ಕದಲ್ಲಿ ನಿಲ್ಲಿಸಿದ ಅಟ್ಟಣಿಗೆಯ ಮೇಲೆ ನಿಂತೇ ಕೆಲಸ ಮಾಡಿ. ಮೇಲೆ ಹೋಗಲೇಬೇಕಾದರೆ ಭಾರ ಹರಡುವ ಹಾಗೆ ಅಗಲದ ಹಲಗೆ, ಅದರಡಿ ಕಂಬಳಿ ಹಾಸಿ ಅದರ ಮೇಲೆ ಹೊಟ್ಟೆ ಊರಿ ಮಲಗಿ. ಒರಗಿಸುವ ಏಣಿಯಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದಡಿ ಬುಡ ಆಚೆಗಿರಬೇಕು. ಒಬ್ಬರೇ ಇರುವಾಗ ಹತ್ತಬೇಡಿ. ಒದ್ದೆ ಸೂರಿನ ಮೇಲಂತೂ ಬೇಡವೇ ಬೇಡ.

ಒಳ್ಳೆ ಬಿಸಿಲಿನ, ಗಾಳಿ ಇಲ್ಲದ ದಿನ ನೋಡಿ. ತೀರಾ ಚಳಿಯಲ್ಲಿ ಬ್ಯೂಟೈಲ್ ಮರಗಟ್ಟಿ ಕೂತಿರುತ್ತದೆ, ಒತ್ತಿದರೆ ಹರಡುವುದಿಲ್ಲ. ತಣ್ಣಗಿದ್ದರೆ ಸುರುಳಿಯನ್ನು ಒಂದು ಗಂಟೆ ಬೆಚ್ಚಗಿನ ಜಾಗದಲ್ಲಿಡಿ. ರೂಫ್‌ಲೈಟಿನಲ್ಲಿ ದೀಪ ಅಥವಾ ಫ್ಯಾನ್ ಇದ್ದರೆ ಮೊದಲು ಅದರ ಫ್ಯೂಸ್ ತೆಗೆದು, ವೈರುಗಳ ಫೋಟೋ ಹೊಡೆದುಕೊಳ್ಳಿ.

ಹಳೆಯದನ್ನು ಬಿಡಿಸುವುದು

ಕೆಲಸ ಒಳಗಿನಿಂದ ಶುರು. ಸೊಳ್ಳೆ ಪರದೆ ಇರುವ ಚೌಕಟ್ಟು ಕೆಲವದರಲ್ಲಿ ಕ್ಲಿಪ್ ಮೇಲೆ ಕೂತಿರುತ್ತದೆ, ಕೆಲವದರಲ್ಲಿ ಸಣ್ಣ ಮುಚ್ಚಿಗೆಗಳ ಹಿಂದೆ ಸ್ಕ್ರೂ ಅಡಗಿರುತ್ತದೆ. ಪರದೆಯೊಳಗೆ ಸ್ಪ್ರಿಂಗ್ ಇದ್ದರೆ ಹುಷಾರು, ಸಟ್ಟನೆ ಹಾರುತ್ತದೆ. ಚೌಕಟ್ಟು ಬಂದ ಮೇಲೆ ಹಿಡಿದಿಟ್ಟ ಸ್ಕ್ರೂಗಳನ್ನು ಬಿಚ್ಚಿ. ಈಗ ಫ್ರೇಮನ್ನು ಹಿಡಿದಿರುವುದು ಅಂಟು ಮಾತ್ರ.

ಮೇಲೆ ಹೋಗಿ. ಕಬ್ಬಿಣದ ಉಳಿ, ದೊಡ್ಡ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಫ್ರೇಮ್ ಹೇಗೂ ಎಸೆಯುವುದು ತಾನೇ ಅನಿಸುತ್ತದೆ, ಆದರೆ ಮೊನೆ ಊರುವುದು ಸೂರಿನ ಮೇಲೆ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಒಳಗೆ ತೂರಿಸಿ, ಸಂದು ಆದ ಮೇಲೆ ನೈಲಾನ್ ದಾರವನ್ನು ಫ್ರೇಮಿನಡಿ ಸೇರಿಸಿ, ಎರಡೂ ತುದಿಗೆ ಸಣ್ಣ ಕಡ್ಡಿ ಕಟ್ಟಿ ಗರಗಸದ ಹಾಗೆ ಆಚೆ ಈಚೆ ಎಳೆಯಿರಿ. ದಾರ ಅಂಟನ್ನು ಕೊಯ್ಯುತ್ತಾ ಬರುತ್ತದೆ. ಬಗ್ಗದಿದ್ದರೆ ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಕೊಡಿ.

ನನ್ನ ಮಗಳು ಒಳಗೆ ನಿಂತು ಎರಡೂ ಕೈಯಿಂದ ಮೇಲಕ್ಕೆ ಒತ್ತುತ್ತಿದ್ದಳು. ಮೂರು ಬದಿ ಕೊಯ್ದು ನಾಲ್ಕನೆಯದಕ್ಕೆ ಬಂದಾಗ ಚರ್ ಅಂತ ಶಬ್ದ ಬಂತು, "ಅಪ್ಪಾ, ಬಂತು ಬಂತು" ಅಂದಳು. ಫ್ರೇಮ್ ಎತ್ತಿದೆ. ಹಳೆಯ ಅಂಟು ಎಳೆ ಎಳೆಯಾಗಿ ಎದ್ದಿತು. ಮುಂಭಾಗದ ಎಡ ಮೂಲೆಯಲ್ಲಿ ಅಂಟಿನ ನಡುವೆ ಹೆಬ್ಬೆಟ್ಟಿನಗಲ ಜಾಗ ಖಾಲಿ. ಅಲ್ಲಿ ಕಪ್ಪು ಧೂಳು, ಹಸಿರು ಪಾಚಿ, ಅದರ ಕೆಳಗೆ ನೆನೆದ ರಟ್ಟಿನ ಹಾಗೆ ಪದರ ಬಿಟ್ಟ ಪ್ಲೈವುಡ್. ಹಿಂದಿನವರು ಟೇಪನ್ನು ಮೂಲೆಯಲ್ಲಿ ಜಗ್ಗಿ ತಿರುಗಿಸಿದ್ದರು, ಅದು ತೆಳುವಾಗಿ ಕಾಲಕ್ರಮೇಣ ಹರಿದಿತ್ತು. ಕೆನ್ನೆ ಮೇಲೆ ಬಿದ್ದ ಹನಿಯ ದಾರಿ ಅದು.

ಜಾಗ ಚೊಕ್ಕ ಮಾಡುವುದು

ಇಲ್ಲಿಂದ ಆ ಅರ್ಧ ದಿನ ಶುರು.

ದಪ್ಪ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಉಳಿದ ಅಂಟಂಟು ಪದರಕ್ಕೆ ಒಂದು ಉಪಾಯ ಇದೆ. ತೆಗೆದ ಹಳೆಯ ಬ್ಯೂಟೈಲನ್ನೇ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ. ಆ ಉಂಡೆಯಿಂದ ಉಳಿಕೆಯ ಮೇಲೆ ಒತ್ತಿ, ಸಟ್ಟನೆ ಎತ್ತಿ. ಒತ್ತಿ, ಎತ್ತಿ. ಅಂಟು ಅಂಟನ್ನೇ ಎಳೆದುಕೊಂಡು ಬರುತ್ತದೆ. ಬಟ್ಟೆಯಿಂದ ಉಜ್ಜಿದರೆ ಅದು ಹರಡಿ ಇನ್ನೂ ದೊಡ್ಡ ಜಾಗ ಹೊಲಸಾಗುತ್ತದೆ. ಉಂಡೆಯಿಂದ ಬಂದಷ್ಟು ಬಂದ ಮೇಲೆ ಬಟ್ಟೆಗೆ ಚೂರು ಟರ್ಪೆಂಟೈನ್ ಹಾಕಿ ಒರೆಸಿ, ಆಮೇಲೆ ಸೋಪು ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ.

ಟರ್ಪೆಂಟೈನನ್ನು ಸುರಿಯಬೇಡಿ. ತೂತಿನ ಅಂಚಿನಲ್ಲಿ ಫೋಮ್ ತೆರೆದುಕೊಂಡಿರುತ್ತದೆ. ಪೆಟ್ರೋಲ್, ಥಿನ್ನರ್ ತಗುಲಿದರೆ ಥರ್ಮಾಕೋಲ್ ಕರಗಿ ಗುಹೆಯಾಗುತ್ತದೆ. ಸೂರು ರಬ್ಬರಿನದಾದರೆ, ಅಂದರೆ ಇಪಿಡಿಎಂ ಹಾಸಿದ್ದಾದರೆ, ಟರ್ಪೆಂಟೈನ್ ಕೂಡ ಬೇಡ, ರಬ್ಬರ್ ಉಬ್ಬಿಕೊಳ್ಳುತ್ತದೆ. ಅಲ್ಲಿ ಸೋಪು ನೀರೇ ಸಾಕು. ಹೊಸ ಮುಚ್ಚಳದ ಹತ್ತಿರವಂತೂ ಅಸಿಟೋನ್, ಥಿನ್ನರ್, ಅಮೋನಿಯಾ ಇರುವ ಗಾಜು ತೊಳೆಯುವ ದ್ರವ ಯಾವುದೂ ಬರಬಾರದು. ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂಥ ಬಿರುಕು ಏಳುತ್ತದೆ. ಎಷ್ಟೋ ಮುಚ್ಚಳಗಳು ಒಡೆಯುವುದು ಕೊಂಬೆ ಬಡಿದು ಅಲ್ಲ, ತಪ್ಪು ದ್ರವದಲ್ಲಿ ತೊಳೆದು.

ಸಿಲಿಕೋನ್ ಇದ್ದ ಜಾಗಕ್ಕೆ ಬೇರೆಯೇ ತಾಳ್ಮೆ ಬೇಕು. ಕೆರೆಯುವುದು, ಬೆರಳಿನಿಂದ ಉರುಟಿಸುವುದು, ಮತ್ತೆ ಕೆರೆಯುವುದು. ಮುಗಿಯಿತು ಅನಿಸಿದಾಗ ಮಾಸ್ಕಿಂಗ್ ಟೇಪ್ ತುಂಡು ಅಂಟಿಸಿ ನೋಡಿ. ಹಿಡಿಯದೆ ಜಾರಿದರೆ ಪದರ ಇನ್ನೂ ಇದೆ.

ಮರ ಒದ್ದೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ತೂತಿನ ಮೇಲೆ ಪಾಲಿಥೀನ್ ಕಟ್ಟಿ, ಒಳಗೆ ಫ್ಯಾನ್ ಇಟ್ಟು ಒಣಗಿಸಿ. ನನಗೆ ಒಂಬತ್ತು ದಿನ ಹಿಡಿಯಿತು. ಕೊಳೆತ ಚೂರುಗಳನ್ನು ಕಿತ್ತು, ಅಲ್ಲಿ ಹೊಸ ಮರದ ಪಟ್ಟಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ. ತೂತಿನ ಸುತ್ತ ಮರ ಗಟ್ಟಿ ಇದ್ದರೆ ಮಾತ್ರ ಸೂರು ಒತ್ತಡಕ್ಕೆ ಕುಸಿಯದೆ ನಿಲ್ಲುತ್ತದೆ. ಅಂಗೈಗಿಂತ ದೊಡ್ಡ ಜಾಗ ಮೆತ್ತಗಾಗಿದ್ದರೆ ಗಾಡಿಯ ಮೈ ರಿಪೇರಿ ಮಾಡುವವರಿಗೆ ತೋರಿಸಿ. ಒದ್ದೆ ಮರವನ್ನು ಹೊಸ ಅಂಟಿನ ಕೆಳಗೆ ಮುಚ್ಚಿದರೆ ಅದು ಒಳಗೊಳಗೇ ಕೊಳೆಯುತ್ತಾ ಹೋಗುತ್ತದೆ.

ಹೊಸದನ್ನು ಕೂರಿಸುವುದು

ಮೊದಲು ಅಂಟಿಲ್ಲದೆ ಇಟ್ಟು ನೋಡಿ. ನಾಲ್ಕೂ ಬದಿ ಸಮನಾಗಿ ಕೂರಬೇಕು. ಹಿಂಜ್ ಇರುವ ಬದಿ ಗಾಡಿಯ ಮುಂಭಾಗಕ್ಕೆ ಬರಲಿ. ಆಗ ಮುಚ್ಚಳ ಹಿಂದಕ್ಕೆ ತೆರೆಯುತ್ತದೆ, ಓಡುವಾಗ ಎದುರು ಗಾಳಿ ಅದನ್ನು ಎತ್ತಿ ಒಗೆಯುವುದಿಲ್ಲ. ಫ್ರೇಮಿನ ಮೇಲೆ ಬಾಣದ ಗುರುತು ಇದ್ದರೆ ಅದನ್ನು ನಂಬಿ. ಸರಿ ಅನಿಸಿದ ಮೇಲೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ ಗಡಿ ಗುರುತಿಸಿಕೊಳ್ಳಿ.

ಬ್ಯೂಟೈಲನ್ನು ಸೂರಿಗಲ್ಲ, ಫ್ರೇಮಿನ ಅಡಿಗೆ ಅಂಟಿಸಿ. ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟುಕೊಂಡು ಮಾಡಿದರೆ ಕೈಗೆ ಸಲೀಸು. ಟೇಪನ್ನು ಎಳೆಯಬೇಡಿ, ಸುಮ್ನೆ ಹಾಸುತ್ತಾ ಹೋಗಿ. ಮೂಲೆಯಲ್ಲಿ ತಿರುಗಿಸುವ ಬದಲು ಕತ್ತರಿಸಿ, ಮುಂದಿನ ತುಂಡನ್ನು ಅದಕ್ಕೆ ಒತ್ತಿ ಸೇರಿಸಿ, ಬೆರಳಿನಿಂದ ಒಂದಾಗುವ ತನಕ ಹಿಸುಕಿ. ಸೂರಿನಲ್ಲಿ ಏಣು ಅಥವಾ ಪಟ್ಟಿ ಎದ್ದಿದ್ದರೆ ತಗ್ಗಿನ ಜಾಗಕ್ಕೆ ಇನ್ನೊಂದು ಪದರ ಕೊಡಿ. ಬ್ಯೂಟೈಲಿನ ಮೇಲಿರುವ ಹಾಳೆಯನ್ನು ಕೊನೇ ಗಳಿಗೆಯಲ್ಲಿ ಸುಲಿಯಿರಿ.

ಇಳಿಸುವಾಗ ನೇರವಾಗಿ ಇಳಿಸಿ. ಒಮ್ಮೆ ತಾಕಿದ ಮೇಲೆ ಜಾರಿಸಿ ಸರಿಪಡಿಸಲು ಆಗುವುದಿಲ್ಲ. ಕೆಳಗಿರುವವರು ಕೈಯಲ್ಲಿ ಹಿಡಿದು ದಾರಿ ತೋರಿಸಲಿ. ಕೂತ ಮೇಲೆ ಅಂಗೈಯಿಂದ ಸುತ್ತಲೂ ಒತ್ತಿ.

ಇನ್ನು ಸ್ಕ್ರೂ. ಡ್ರಿಲ್ ಮಷಿನ್ ದೂರ ಇಡಿ, ಕೈಯಲ್ಲೇ ತಿರುಗಿಸಿ. ಒಂದು ಮೂಲೆ, ಆಮೇಲೆ ಎದುರು ಮೂಲೆ, ಹೀಗೆ ಅಡ್ಡಡ್ಡ. ಒಂದೊಂದಕ್ಕೆ ಎರಡು ಸುತ್ತು ಮಾತ್ರ. ಎಲ್ಲಾ ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಎರಡು ಸುತ್ತು. ಬ್ಯೂಟೈಲ್ ಹರಿಯಲು ಸಮಯ ಬೇಕು, ಅವಸರ ಮಾಡಿದರೆ ಪ್ಲಾಸ್ಟಿಕ್ ಬಗ್ಗುತ್ತದೆ. ಫ್ರೇಮಿನ ಅಂಚಿಗೆ ಕಣ್ಣು ತಂದು ಉದ್ದಕ್ಕೆ ನೋಡಿ. ಸ್ಕ್ರೂ ಇದ್ದಲ್ಲಿ ತಗ್ಗು, ನಡುವೆ ಉಬ್ಬು, ಅಲೆಯ ಹಾಗೆ ಕಂಡರೆ ಜಾಸ್ತಿ ಬಿಗಿದಿದ್ದೀರಿ. ನಾಲ್ಕೂ ಬದಿಯಿಂದ ಅಂಟು ಒಂದೇ ಸಮನಾಗಿ ಹೊರಗೆ ಇಣುಕಬೇಕು. ಒಂದು ಕಡೆ ಇಣುಕದಿದ್ದರೆ ಅಲ್ಲಿ ಖಾಲಿ ಇದೆ ಅಂತ ಅರ್ಥ. ಎತ್ತಿ ಮತ್ತೆ ಮಾಡಿ. ಬೇಜಾರಾಗುತ್ತದೆ ನಿಜ, ಆದರೂ ಮಾಡಿ.

ಅಮೆರಿಕದ ಮಾದರಿಗಳಲ್ಲಿ ಸ್ಕ್ರೂ ಮೇಲಿನಿಂದಲೇ ಸೂರಿಗೆ ಇಳಿಯುತ್ತದೆ. ಅಲ್ಲಿ ಬ್ಯೂಟೈಲ್ ಜೊತೆಗೆ, ತಾನೇ ಹರಡಿಕೊಳ್ಳುವ ಸೂರಿನ ಸೀಲಂಟನ್ನು ಪ್ರತಿ ಸ್ಕ್ರೂ ತಲೆಯ ಮೇಲೂ ಅಂಚಿನ ಸುತ್ತಲೂ ಹಾಕಬೇಕು.

ಹೊರಗೆ ಬಂದ ಬ್ಯೂಟೈಲನ್ನು ಅವತ್ತೇ ಕೊಯ್ಯಬೇಡಿ. ಒಂದು ದಿನ ಬಿಟ್ಟು, ಸ್ಕ್ರೂಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿಗೆ ಸರಿಯಾಗಿ ತೆಗೆಯಿರಿ. ಸ್ವಲ್ಪ ಬಿಸಿಲು ಕಂಡು, ಒಂದೆರಡು ಪ್ರಯಾಣ ಆದ ಮೇಲೆ ಸ್ಕ್ರೂ ಮತ್ತೆ ಸಡಿಲ ಆಗಿರುವುದುಂಟು. ಆಗ ಕಾಲು ಸುತ್ತು ಕೊಟ್ಟರೆ ಸಾಕು.

ನೀರು ಹಾಕಿ ನೋಡುವುದು

ಒಳಗಿನ ಚೌಕಟ್ಟು ಹಾಕುವ ಮೊದಲೇ ಪರೀಕ್ಷೆ ಮುಗಿಸಿ, ಹನಿ ಬಂದರೆ ಎಲ್ಲಿಂದ ಅಂತ ಕಾಣಬೇಕಲ್ಲ. ಒಬ್ಬರು ಟಾರ್ಚ್, ಟಿಶ್ಯೂ ಕಾಗದ ಹಿಡಿದು ಒಳಗೆ ನಿಲ್ಲಲಿ. ಹೊರಗಿನಿಂದ ಸಾಮಾನ್ಯ ಪೈಪಿನಲ್ಲಿ, ಮಳೆ ಬಿದ್ದ ಹಾಗೆ, ತಗ್ಗಿನ ಬದಿಯಿಂದ ಶುರು ಮಾಡಿ ಒಂದೊಂದು ಬದಿಗೆ ಹತ್ತು ನಿಮಿಷ ನೀರು ಬಿಡಿ. ಒಟ್ಟಿಗೆ ಎಲ್ಲಾ ಕಡೆ ಹಾಕಿದರೆ ಯಾವ ಬದಿ ಸೋರುತ್ತಿದೆ ಅಂತ ಗೊತ್ತಾಗುವುದಿಲ್ಲ. ಜೋರಾಗಿ ಚಿಮ್ಮುವ ಪ್ರೆಶರ್ ವಾಷರ್ ಬೇಡ, ಅದು ಚೆನ್ನಾಗಿರುವ ಅಂಟನ್ನೂ ತೂರಿ ನುಗ್ಗುತ್ತದೆ.

ಟಿಶ್ಯೂ ಒಣಗಿದ್ದರೆ ಚೌಕಟ್ಟು ಹಾಕಿ, ವೈರು ಸೇರಿಸಿ, ಫ್ಯೂಸ್ ಹಾಕಿ. ಹೊಸ ರೂಫ್‌ಲೈಟ್ ಹಳೆಯದಕ್ಕಿಂತ ಎತ್ತರ ಇದ್ದರೆ ಗಾಡಿಯ ಒಟ್ಟು ಎತ್ತರ ಮತ್ತೆ ಅಳೆದು, ಡ್ರೈವರ್ ಕಣ್ಣಿಗೆ ಬೀಳುವ ಕಡೆ ಬರೆದು ಅಂಟಿಸಿ. ಮೂರು ಸೆಂ.ಮೀ. ವ್ಯತ್ಯಾಸವೂ ತಗ್ಗು ಸೇತುವೆಯ ಅಡಿ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಮೊದಲ ಜೋರು ಮಳೆ ಬರುವ ರಾತ್ರಿ ನಾಲ್ಕೂ ಮೂಲೆಗೆ ಒಂದೊಂದು ಟಿಶ್ಯೂ ಚೂರು ಸಿಕ್ಕಿಸಿ ಮಲಗಿ. ನಾನೂ ಹಾಗೇ ಮಾಡಿದ್ದೆ. ಬೆಳಿಗ್ಗೆ ಮಗಳು ನನಗಿಂತ ಮೊದಲೇ ಎದ್ದು, ಸೀಟಿನ ಮೇಲೆ ಹತ್ತಿ, ನಾಲ್ಕನ್ನೂ ಒಂದೊಂದಾಗಿ ತೆಗೆದು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಎಡ ಮೂಲೆಯದನ್ನು ನನ್ನ ಕೈಗೆ ಕೊಟ್ಟಳು. ಗರಿಗರಿಯಾಗಿತ್ತು.